ತಲೆಬುರುಡೆ ಇದೆ, ಡಾರ್ಕೆಲ್ ಇಲ್ಲ: ಜಿಟಿಎ 3 ಡೆಫಿನಿಟಿವ್ ಎಡಿಷನ್

2003ರಲ್ಲಿ ಹುಬ್ಬಳ್ಳಿಯ ಒಂದು ಸೈಬರ್ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಜಿಟಿಎ 3 ಎಂಬ ವಿಡಿಯೋ ಗೇಮ್ ಆಡುತ್ತಿದ್ದೆ. ದೊಡ್ಡ ಮಿಷನ್ ಮುಗಿಸುವಷ್ಟು ದುಡ್ಡು ಜೇಬಿನಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಆಟದೊಳಗಿನ ಪೋರ್ಟ್‌ಲ್ಯಾಂಡ್ ಎಂಬ ಪ್ರದೇಶದ ಸಂದಿಗೊಂದಿಗಳಲ್ಲಿ ತಲೆಬುರುಡೆ ಹುಡುಕುತ್ತಿದ್ದೆ. ಮುಟ್ಟಿದರೆ ಸಾಕು, ಕೈಗೊಂದು ಆಯುಧ, ಎರಡು ನಿಮಿಷ ಟೈಮು, ಇಷ್ಟು ಜನರನ್ನು ಮುಗಿಸು ಎಂಬ ಅಪ್ಪಣೆ. ಅದೇ ರಾಂಪೇಜ್.

ಈಗ ಅದನ್ನೇ ಹೊಸದಾಗಿ ಮಾಡಿದ ಡೆಫಿನಿಟಿವ್ ಎಡಿಷನ್ ಕೊಂಡು ಇಪ್ಪತ್ತೂ ರಾಂಪೇಜ್ ಮುಗಿಸಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ನನ್ನ ಹೆಂಡತಿ ಕೇಳಿದಳು: "ಅಲ್ರೀ, ಇವ್ರನ್ನೆಲ್ಲ ಯಾಕ ಕೊಲ್ಲಾಕತ್ತೀರಿ? ಯಾರ್ ಹೇಳ್ಯಾರ?"

ಹೇಳಬೇಕಾಗಿದ್ದವನು ಡಾರ್ಕೆಲ್. ಬೀದಿಯಲ್ಲೇ ಬದುಕುವ, ವ್ಯವಸ್ಥೆಯನ್ನು ಕೆಡವಿಯೇ ತೀರುತ್ತೇನೆಂದು ಹಟ ತೊಟ್ಟ ತಲೆಕೆಟ್ಟ ಕ್ರಾಂತಿಕಾರಿ. ಈ ರಾಂಪೇಜ್‌ಗಳನ್ನು ಅವನೇ ಕೊಡುವುದು ಎಂದಿತ್ತು. ಆಟ ತಯಾರಾಗುತ್ತಿರುವಾಗಲೇ ಅವನನ್ನು ತೆಗೆದುಹಾಕಿದರು. ಆದರೂ ಮೊದಲ ಕೈಪಿಡಿಯ ಕಲಾವಿದರ ಪಟ್ಟಿಯಲ್ಲಿ ಅವನ ಹೆಸರು ಉಳಿದುಬಿಟ್ಟಿತು, ಜೊತೆಗೆ ದನಿ ಕೊಟ್ಟ ಬಿಲ್ ಫಿಯೋರೆ ಹೆಸರೂ.

ಸೆಪ್ಟೆಂಬರ್ 11ರ ದಾಳಿಯಿಂದಾಗಿ ಡಾರ್ಕೆಲ್‌ಗೆ ಕತ್ತರಿ ಬಿತ್ತು ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. ನಂಬುವಂತೆಯೇ ಇತ್ತು: ಆಟದ ಕಂಪನಿ ರಾಕ್‌ಸ್ಟಾರ್ ಕಚೇರಿ ಇದ್ದದ್ದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ, ಆಟ ಕೆಲವು ವಾರ ತಡವಾಗಿ ಅಕ್ಟೋಬರ್ 2001ಕ್ಕೆ ಬಂತು, ಪೊಲೀಸ್ ಕಾರುಗಳ ಬಣ್ಣವನ್ನೂ ಬದಲಿಸಿದ್ದರು. ಆದರೆ 2011ರಲ್ಲಿ, ಆಟಕ್ಕೆ ಹತ್ತು ವರ್ಷವಾದಾಗ, ಕಂಪನಿಯೇ ಸ್ಪಷ್ಟವಾಗಿ ಹೇಳಿತು: ಅವನನ್ನು ಕೈಬಿಟ್ಟದ್ದು ಆ ದಾಳಿಗೂ ತಿಂಗಳುಗಳ ಮುಂಚೆ.

ಕಾರಣ ಏನೇ ಇರಲಿ, ಅವನಿಲ್ಲದ ಕೊರತೆ ನನಗೆ ಎದ್ದು ಕಾಣುತ್ತದೆ. ಇದೇ ಆಟದ ಮಾರ್ಟಿ ಚಾಂಕ್ಸ್‌ನನ್ನು ನೋಡಿ. ನಾಯಿ ಆಹಾರದ ಕಾರ್ಖಾನೆಯವನು, ಕೆಲಸ ಒಪ್ಪಿಸುವುದು ಬೀದಿಯ ಟೆಲಿಫೋನಿನಲ್ಲಿ. ಮೊದಲು ಬ್ಯಾಂಕ್ ಮ್ಯಾನೇಜರನ್ನು ಕರೆತಾ ಅನ್ನುತ್ತಾನೆ, ಆಮೇಲೆ ಕಳ್ಳರನ್ನು, ಆಮೇಲೆ ತನ್ನ ಹೆಂಡತಿಯನ್ನೇ! ಕರೆತಂದವರನ್ನೆಲ್ಲ ಅಲ್ಲೇ ಕೊಂದುಹಾಕುತ್ತಾನೆ. ಕೊನೆಗೆ ಅವಳ ಪ್ರಿಯಕರನ ಕೈಯಲ್ಲಿ ತಾನೇ ಸಾಯುತ್ತಾನೆ. ನಾಲ್ಕೇ ನಾಲ್ಕು ಸಣ್ಣ ಮಿಷನ್. ಆದರೆ ಆ ಕೆಟ್ಟತನಕ್ಕೆ ಒಬ್ಬ ಯಜಮಾನ ಇದ್ದಾನೆ. ಅವನ ಮಾತು ಕೇಳಿಕೊಂಡು ಸ್ಟೀರಿಂಗ್ ಹಿಡಿದ ನನಗೂ ಅಳುಕಾಗುತ್ತದೆ. ರಾಂಪೇಜ್‌ನಲ್ಲಿ ಆ ಅಳುಕೇ ಇಲ್ಲ. ಎರಡು ನಿಮಿಷ ಆಗುತ್ತಲೂ ಲೆಕ್ಕ ಮುಗಿಯಿತು. ಡಾರ್ಕೆಲ್ ಒಂದು ಮೂಲೆಯಲ್ಲಿ ನಿಂತು ಕಿರುಚಿದ್ದರೂ ಸಾಕಿತ್ತು, ಆ ಹೆಣಗಳಿಗೆ ಹೊಣೆಗಾರನೊಬ್ಬ ಸಿಗುತ್ತಿದ್ದ.

ಇನ್ನು ಈ ಎಡಿಷನ್ ಬಗ್ಗೆ. ನವೆಂಬರ್ 2021ರಲ್ಲಿ ಬಂದಾಗ ಸ್ಥಿತಿ ಹೀನಾಯವಾಗಿತ್ತು, ಮಳೆ ಬಂದರೆ ರಸ್ತೆಯೇ ಕಾಣುತ್ತಿರಲಿಲ್ಲ. ರಾಕ್‌ಸ್ಟಾರ್ ಕ್ಷಮೆಯನ್ನೂ ಕೇಳಿತು. 2024ರ ನವೆಂಬರ್ ಅಪ್‌ಡೇಟ್‌ನಲ್ಲಿ ಹಳೆಯ ಬೆಳಕಿನ ಆಯ್ಕೆ ಕೊಟ್ಟ ಮೇಲೆ ಆಟ ನಡೆಯುವ ಊರು ಲಿಬರ್ಟಿ ಸಿಟಿಯ ಆ ಮಬ್ಬು ಆಕಾಶ ಮತ್ತೆ ಸಿಕ್ಕಿದೆ. ಆಯುಧ ಬದಲಿಸುವ ಚಕ್ರ ತುಂಬಾ ಅನುಕೂಲ. ಮಿಷನ್ ಸೋತರೆ ಅಲ್ಲಿಂದಲೇ ಮತ್ತೆ ಶುರು ಮಾಡಬಹುದು. 20 ರೂಪಾಯಿ ಲೆಕ್ಕದಲ್ಲಿ ಆಡಿದವನಿಗೆ ಇದರ ಬೆಲೆ ಗೊತ್ತು. ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸದಾಗಿ ಮಾಡುವಾಗಲೂ ಡಾರ್ಕೆಲ್‌ನನ್ನು ಮರಳಿ ತರಲಿಲ್ಲ, ಅರ್ಧ ಅಂಕ ಕಡಿಮೆ ಮಾಡಿದ್ದು ಅದಕ್ಕೇ.

ಮರುದಿನ ರಾತ್ರಿ ಆಟ ಹಚ್ಚಿದಾಗ ಹೆಂಡತಿ ಮತ್ತೆ ಬಂದು ಕೂತಳು. ರಾಂಪೇಜ್ ವಿಷಯ ಎತ್ತಲೇ ಇಲ್ಲ. "ಆ ನಾಯಿ ಫ್ಯಾಕ್ಟರಿಯವಂದು ಇನ್ನೊಮ್ಮೆ ತೋರಸ್ರಿ" ಅಂದಳು.