ಟಿಕೆಟ್ ಹಿಡಿದ ಕೈ: ಕುದುರೆ ರೇಸಿನ ಸಿನಿಮಾಗಳನ್ನು ಮಾವನ ಜೊತೆ ಕೂತು ನೋಡಿದ್ದು

ನನ್ನ ಸೋದರಮಾವ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಚಳಿಗಾಲದ ರೇಸ್ ಶುರುವಾದರೆ ಸಾಕು, ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರು. ರಾತ್ರಿ ವಾಪಸ್ ಬಂದಾಗ ಚಪ್ಪಲಿ ಬಿಡುವ ಸದ್ದಿನಲ್ಲೇ ಅತ್ತೆಗೆ ಗೊತ್ತಾಗುತ್ತಿತ್ತು, ಇವತ್ತು ಏನಾಯಿತು ಅಂತ. ಅತ್ತೆಯ ಎರಡು ಜೊತೆ ಬಳೆ ಹಾಗೆ ಹೋದವು. ಊರಿನವರು ‘ಕುದುರೆ ಬಾಲಕ್ಕೆ ಕಟ್ಟಿದ’ ಎಂದು ಆಡಿಕೊಂಡರು. ಪಿಯುಸಿ ಓದುವಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಸ್ಸು ಕುಣಿಗಲ್ ದಾಟುವಾಗ ಕಿಟಕಿಯ ಕಡೆ ಬಗ್ಗಿ, ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಇದು, ಈಗ ರೇಸಿಗೆ ಬೆಳೆಸುತ್ತಾರೆ ಎಂದು ತೋರಿಸಿದ್ದರು. ಆಮೇಲೆ ಇಡೀ ದಿನ ನಾನು ನೋಡಿದ್ದು ಕುದುರೆಗಳನ್ನಲ್ಲ, ಅವರ ಬಲಗೈಯನ್ನು. ಟಿಕೆಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಉಜ್ಜುತ್ತಲೇ ಇದ್ದರು. ಕುದುರೆಗಳು ಕೊನೆಯ ತಿರುವಿಗೆ ಬಂದಾಗ ಆ ಉಜ್ಜುವುದು ನಿಂತಿತು.

ಈಗ ಅವರಿಗೆ 78. ರೇಸ್ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಹಾಸನದಲ್ಲಿ ನಮ್ಮ ಜೊತೆಗೇ ಇದ್ದಾರೆ. ಈ ಮಳೆಗಾಲದಲ್ಲಿ ಪ್ರತಿ ಭಾನುವಾರ ಸಂಜೆ ಒಂದೊಂದು ರೇಸ್ ಸಿನಿಮಾ ಹಾಕಿದೆ. ಮಾವನಿಗೆ ಇಂಗ್ಲಿಷ್ ಬಾರದು. ಆಗಾಗ ನಾನು ಅರ್ಥ ಹೇಳುತ್ತಿದ್ದೆ, ಉಳಿದಂತೆ ಅವರು ಮುಖ ಮತ್ತು ಕೈಗಳನ್ನು ನೋಡಿಯೇ ಕಥೆ ಹಿಡಿಯುತ್ತಿದ್ದರು. ರೇಸಿನ ಸಿನಿಮಾವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಕುದುರೆ ಓಡುವುದನ್ನು ಚೆನ್ನಾಗಿ ತೋರಿಸುವ ಚಿತ್ರಗಳು ಎಷ್ಟೋ ಇವೆ. ಟಿಕೆಟ್ ಕೊಂಡ ಕ್ಷಣದಿಂದ ಅದನ್ನು ಹರಿದು ಬಿಸಾಡುವ ಕ್ಷಣದವರೆಗೆ ಮನುಷ್ಯನಿಗೆ ಏನಾಗುತ್ತದೆ ಎಂದು ತಿಳಿದಿರುವ ಚಿತ್ರಗಳು ಕಡಿಮೆ. ನಾನು ಹುಡುಕುತ್ತಿದ್ದುದು ಅವನ್ನು.

ಮೊದಲು ಎರಡು ದೊಡ್ಡ ಕುದುರೆಗಳು. 2003ರ ‘ಸೀಬಿಸ್ಕಿಟ್’ ಮತ್ತು 2010ರ ‘ಸೆಕ್ರೆಟೇರಿಯಟ್’. ಎರಡೂ ನಿಜವಾಗಿ ಬದುಕಿದ್ದ ಕುದುರೆಗಳ ಕಥೆ, ಎರಡಕ್ಕೂ ದೊಡ್ಡ ಬಜೆಟ್ಟು. ಆದರೆ ನೋಡಿ ಎದ್ದಾಗ ಮನಸ್ಸಿನಲ್ಲಿ ಉಳಿದದ್ದು ಬೇರೆ ಬೇರೆ.

ಸೀಬಿಸ್ಕಿಟ್ ಸೋತವರ ಕುದುರೆ. 1929ರ ಷೇರು ಕುಸಿತದ ನಂತರದ ಅಮೆರಿಕ. ಮಗನನ್ನು ಕಳೆದುಕೊಂಡ ಮಾಲೀಕ ಚಾರ್ಲ್ಸ್ ಹೊವರ್ಡ್, ಮಾತೇ ಆಡದ ಟ್ರೇನರ್ ಟಾಮ್ ಸ್ಮಿತ್, ಒಂದು ಕಣ್ಣು ಕಾಣದ ಸವಾರ, ಅಂದರೆ ಜಾಕಿ, ರೆಡ್ ಪೊಲಾರ್ಡ್. ಕಣ್ಣಿನ ವಿಷಯವನ್ನು ಪೊಲಾರ್ಡ್ ಯಾರಿಗೂ ಹೇಳಿರುವುದಿಲ್ಲ. ಕಾಣದ ಬದಿಯಿಂದ ಬಂದ ಕುದುರೆ ಕೂದಲೆಳೆಯಲ್ಲಿ ಗೆದ್ದುಬಿಡುತ್ತದೆ. ಮಾವ ಆಗ ಕುರ್ಚಿಯಿಂದ ಮುಂದೆ ಬಾಗಿದರು. ‘ಜಾಕಿ ಮೇಲೆ ನಾನೆಷ್ಟು ಸಲ ಬೈದಿದ್ದೀನಿ ಕಣೋ. ಅವನಿಗೆ ಏನು ಕಷ್ಟ ಇತ್ತೋ ಯಾರಿಗೆ ಗೊತ್ತಿತ್ತು?’ ಎಂದರು. ಟೋಬಿ ಮಗ್ವೈರ್ ಆ ಪಾತ್ರದಲ್ಲಿ ತೆಳ್ಳಗಾಗಿ, ಸಿಟ್ಟಿನಿಂದ ಕುದಿಯುತ್ತ ಕಾಣುತ್ತಾನೆ. ಕ್ರಿಸ್ ಕೂಪರ್ ಮಾಡಿದ ಸ್ಮಿತ್‌ನ ಪಾತ್ರ ನನಗೆ ಇನ್ನೂ ಇಷ್ಟ. ಕುದುರೆಯ ಕುತ್ತಿಗೆಯ ಮೇಲೆ ಅವನು ಕೈ ಇಡುವುದರಲ್ಲೇ ಎಲ್ಲವೂ ಇದೆ.

1938ರ ನವೆಂಬರ್ 1ರಂದು ಪಿಮ್ಲಿಕೊ ರೇಸ್ ಕೋರ್ಸಿನಲ್ಲಿ ವಾರ್ ಅಡ್ಮಿರಲ್ ಎಂಬ ಕುದುರೆಯ ಜೊತೆ ನಡೆದ ಇಬ್ಬರೇ ಸ್ಪರ್ಧಿಗಳ ಓಟ ಚಿತ್ರದ ಎದೆಬಡಿತ. ದುಡ್ಡೆಲ್ಲ ವಾರ್ ಅಡ್ಮಿರಲ್ ಮೇಲಿತ್ತು. ಪೊಲಾರ್ಡ್ ಕಾಲು ಮುರಿದು ಆಸ್ಪತ್ರೆಯಲ್ಲಿದ್ದ, ಸವಾರಿ ಜಾರ್ಜ್ ವುಲ್ಫ್‌ನದು. ಆ ಪಾತ್ರ ಮಾಡಿದ ಗ್ಯಾರಿ ಸ್ಟೀವನ್ಸ್ ನಟನಲ್ಲ, ನಿಜವಾದ ದೊಡ್ಡ ಜಾಕಿ. ಅವನು ಜೀನಿನ ಮೇಲೆ ಕೂರುವ ಭಂಗಿಯನ್ನು ಮಾವ ಆಗಲೇ ಗುರುತಿಸಿದರು, ‘ಇವನು ಕಲಿತವನು’ ಎಂದು. ಓಟ ಶುರುವಾದ ಕೂಡಲೇ ಚಿತ್ರ ಕುದುರೆಗಳನ್ನು ಬಿಟ್ಟು ರೇಡಿಯೊ ಮುಂದೆ ಕೂತ ಜನರ ಕಪ್ಪುಬಿಳುಪು ಸ್ಥಿರಚಿತ್ರಗಳಿಗೆ ಹೋಗುತ್ತದೆ. ಕೆಲವರಿಗೆ ಅದು ರಸಭಂಗ. ನನಗೆ ಅದೇ ಸರಿ ಅನಿಸಿತು. ಜಲಂಧರ್ ಬಿತ್ತನೆ ಗಡ್ಡೆ ತಂದು ನೆಟ್ಟು, ಅಂಗಮಾರಿ ರೋಗ ಬಾರದಿರಲಪ್ಪಾ ಎಂದು ಮೋಡ ನೋಡುವ ಆಲೂಗಡ್ಡೆ ಬೆಳೆಗಾರರ ಊರು ನಮ್ಮದು. ತನ್ನ ಕೈಯಲ್ಲಿ ಏನೂ ಇಲ್ಲದವನು ದೂರದ ಸುದ್ದಿಗೆ ಕಿವಿಗೊಟ್ಟು ಕೂತ ಮುಖ ನಮಗೆ ಹೊಸದಲ್ಲ. ಸೀಬಿಸ್ಕಿಟ್ ನಾಲ್ಕು ಕುದುರೆಯುದ್ದ, ಅಂದರೆ ನಾಲ್ಕು ಲೆಂಗ್ತ್‌ನಿಂದ ಗೆದ್ದಾಗ ಮಾವ ಕಣ್ಣೊರೆಸಿಕೊಂಡರು.

ಸೆಕ್ರೆಟೇರಿಯಟ್ ಗೆಲ್ಲಲೆಂದೇ ಹುಟ್ಟಿದ ಕುದುರೆ. ಕಥೆಗೆ ಅದೇ ತೊಡಕು. 1973ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳಾದ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದಿತು. 1948ರ ನಂತರ ಯಾವ ಕುದುರೆಯೂ ಆ ಮೂರನ್ನು ಒಟ್ಟಿಗೆ ಗೆದ್ದಿರಲಿಲ್ಲ. ಬೆಲ್ಮಾಂಟ್‌ನ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, 31 ಲೆಂಗ್ತ್ ಅಂತರದಿಂದ ಮುಗಿಸಿತು. ಆ ದಾಖಲೆ ಇನ್ನೂ ಮುರಿದಿಲ್ಲ. ಡಯಾನ್ ಲೇನ್ ಮಾಡಿದ ಕುದುರೆಯ ಒಡತಿ ಪೆನ್ನಿ ಚೆನರಿ ಗಟ್ಟಿ ಹೆಂಗಸು, ಟ್ರೇನರ್ ಪಾತ್ರದಲ್ಲಿ ಜಾನ್ ಮಾಲ್ಕೊವಿಚ್ ಬಂದರೆ ಪರದೆ ಬೆಳಗುತ್ತದೆ. ಆದರೆ ಚಿತ್ರ ತುಂಬಾ ತೊಳೆದು ಇಸ್ತ್ರಿ ಮಾಡಿದ ಹಾಗಿದೆ. ಎದುರಾಳಿ ಕುದುರೆ ಶ್ಯಾಮ್‌ನ ಟ್ರೇನರನ್ನು ಸುಮ್ಮನೆ ಖಳನಾಯಕ ಮಾಡಿದ್ದಾರೆ.

ನನಗೆ ನಿಜಕ್ಕೂ ಬೇಸರವಾದದ್ದು ಬೇರೆ. ಬೆಲ್ಮಾಂಟ್ ಓಟದ ದಿನದ ಅತಿ ಸುಂದರವಾದ ಸಂಗತಿಯನ್ನೇ ಚಿತ್ರ ಬಿಟ್ಟಿದೆ. ರೇಸ್ ಕೋರ್ಸಿನ ಬಾಜಿಯ ಟೋಟ್ ಲೆಕ್ಕ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಎಲ್ಲರ ದುಡ್ಡೂ ಒಂದೇ ಕೊಳಕ್ಕೆ ಬೀಳುತ್ತದೆ, ಕ್ಲಬ್ಬಿನ ಪಾಲು, ತೆರಿಗೆ ತೆಗೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಎಲ್ಲರೂ ಒಂದೇ ಕುದುರೆಗೆ ಕಟ್ಟಿದರೆ ಹಂಚುವಾಗ ಹೆಚ್ಚೇನೂ ಸಿಗುವುದಿಲ್ಲ. ಬೆಲ್ಮಾಂಟ್‌ನಲ್ಲಿ ಎರಡು ಡಾಲರ್ ಕಟ್ಟಿದವರಿಗೆ ಬಂದದ್ದು 2 ಡಾಲರ್ 20 ಸೆಂಟ್. ಆದರೂ ಗೆದ್ದ ಟಿಕೆಟ್‌ಗಳಲ್ಲಿ 5,617 ಟಿಕೆಟ್‌ಗಳನ್ನು ಯಾರೂ ಕಿಟಕಿಗೆ ತಂದು ದುಡ್ಡು ಪಡೆಯಲೇ ಇಲ್ಲ. ನೆನಪಿಗೆಂದು ಇಟ್ಟುಕೊಂಡರು. ಇದನ್ನು ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದರು. ‘ದುಡ್ಡು ಬೇಡ ಅಂತ ಟಿಕೆಟ್ ಇಟ್ಕೊಂಡರಾ? ಅಂಥ ಜನ ಇದ್ದರಾ?’ ಎಂದು ಮಲಗುವ ಮುನ್ನ ಇನ್ನೊಮ್ಮೆ ಕೇಳಿದರು. ಇಡೀ ಚಿತ್ರಕ್ಕಿಂತ ಆ ಒಂದು ಸಂಖ್ಯೆ ಅವರನ್ನು ಹೆಚ್ಚು ಅಲುಗಾಡಿಸಿತು. ಹಾಗಾಗಿ ಈ ಜೋಡಿಯಲ್ಲಿ ಸೀಬಿಸ್ಕಿಟ್ ಮುಂದೆ. ಎರಡರ ನಡುವಿನ ಅಂತರ ನಾಲ್ಕು ಲೆಂಗ್ತ್‌ಗಿಂತ ಹೆಚ್ಚು.

ಇದೇ ಸಾಲಿನಲ್ಲಿ ಇನ್ನೆರಡನ್ನು ನೋಡಿದೆವು. ‘ಡ್ರೀಮ್ ಹಾರ್ಸ್’ ವೇಲ್ಸ್‌ನ ಒಂದು ಹಳ್ಳಿಯವರು ವಾರಕ್ಕೆ ಹತ್ತು ಪೌಂಡ್‌ನಂತೆ ಹಾಕಿ ಕುದುರೆ ಬೆಳೆಸಿದ ಕಥೆ. ನಮ್ಮ ಚೀಟಿ ವ್ಯವಹಾರದ ಹಾಗೆ, ಮನೆಮಂದಿಯೆಲ್ಲ ಕೂತು ನೋಡಬಹುದು. ‘ರೈಡ್ ಲೈಕ್ ಎ ಗರ್ಲ್’ 2015ರ ಮೆಲ್ಬರ್ನ್ ಕಪ್ ಗೆದ್ದ ಮೊದಲ ಮಹಿಳಾ ಜಾಕಿ ಮಿಶೆಲ್ ಪೇನ್ ಕಥೆ. ಅವಳ ಕುದುರೆಗೆ ಒಂದಕ್ಕೆ ನೂರು ಭಾವ ಇತ್ತು. ಅಣ್ಣ ಸ್ಟೀವಿ ಪೇನ್ ತನ್ನ ಪಾತ್ರವನ್ನು ತಾನೇ ಮಾಡಿದ್ದಾನೆ, ಅವನಿಗಾಗಿಯೇ ನೋಡಬೇಕು. ನನ್ನ ಮಗಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಇನ್ನು ದುಡ್ಡಿನ ಕಡೆಗೆ. 1956ರ ‘ದಿ ಕಿಲ್ಲಿಂಗ್’ ಮತ್ತು 1973ರ ‘ದಿ ಸ್ಟಿಂಗ್’ ಎರಡೂ ರೇಸ್ ಸುತ್ತ ಹೆಣೆದ ಮೋಸ, ದರೋಡೆಯ ಕಥೆಗಳು.

ದಿ ಸ್ಟಿಂಗ್ ಏಳು ಆಸ್ಕರ್ ಗೆದ್ದ ಚಿತ್ರ, ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫರ್ಡ್ ಇಬ್ಬರೂ ಇದ್ದಾರೆ. ಇದರಲ್ಲಿ ಬಾಜಿ ನಡೆಯುವುದು ರೇಸ್ ಕೋರ್ಸಿನಲ್ಲಲ್ಲ, ಒಂದು ನಕಲಿ ಬುಕ್ಕಿ ಅಂಗಡಿಯಲ್ಲಿ. ತಂತಿಯಲ್ಲಿ ಬರುವ ಫಲಿತಾಂಶವನ್ನು ಸ್ವಲ್ಪ ತಡೆಹಿಡಿದು, ಮೊದಲೇ ತಿಳಿದುಕೊಂಡು ಕಟ್ಟಬಹುದು ಎಂದು ಒಬ್ಬ ಕ್ರೂರ ಶ್ರೀಮಂತನನ್ನು ನಂಬಿಸುತ್ತಾರೆ. ಅವನು ಐದು ಲಕ್ಷ ಡಾಲರನ್ನು ಲಕ್ಕಿ ಡ್ಯಾನ್ ಎಂಬ ಕುದುರೆಯ ಗೆಲುವಿಗೆ ಕಟ್ಟುತ್ತಾನೆ. ಸುಳಿವು ಕೊಟ್ಟವನು ‘ಪ್ಲೇಸ್’ ಎಂದಿದ್ದು ಎರಡನೇ ಸ್ಥಾನಕ್ಕೆ ಎಂದು ಆಮೇಲೆ ಗೊತ್ತಾಗುತ್ತದೆ. ವಿನ್ ಮತ್ತು ಪ್ಲೇಸ್ ವ್ಯತ್ಯಾಸ ಮಾವನಿಗೆ ಉಸಿರಾಟದಷ್ಟು ಸಹಜ. ಆ ಘಳಿಗೆಯಲ್ಲಿ ತೊಡೆ ತಟ್ಟಿ ನಕ್ಕರು. ಬಲು ಸೊಗಸಾದ ಚಿತ್ರ. ಆದರೆ ಇಲ್ಲಿ ಟಿಕೆಟ್ ಹಿಡಿದವನ ನೋವು ನಮ್ಮದಾಗುವುದಿಲ್ಲ, ಅವನು ಸೋಲಲಿ ಎಂದೇ ನಾವು ಕಾಯುತ್ತೇವೆ.

ದಿ ಕಿಲ್ಲಿಂಗ್ ಸ್ಟ್ಯಾನ್ಲಿ ಕುಬ್ರಿಕ್‌ನ ಆರಂಭದ ಚಿತ್ರಗಳಲ್ಲಿ ಒಂದು. ಒಂದೂವರೆ ಗಂಟೆಯೂ ಇಲ್ಲ. ರೇಸ್ ಕೋರ್ಸಿನ ಹಣದ ಕೋಣೆಯನ್ನು ದೋಚಲು ಒಂದಿಷ್ಟು ಜನ ಸೇರುತ್ತಾರೆ. ಬಾಜಿ ಕಿಟಕಿಯ ಕ್ಯಾಷಿಯರ್, ಕಾಯಿಲೆಯ ಹೆಂಡತಿಯಿರುವ ಬಾರ್‌ನವನು, ಸಾಲದಲ್ಲಿ ಮುಳುಗಿದ ಪೊಲೀಸ್. ಏಳನೇ ರೇಸಿನಲ್ಲಿ ಫೇವರಿಟ್ ಕುದುರೆ ರೆಡ್ ಲೈಟ್ನಿಂಗ್‌ಗೆ ಗುಂಡು ಹೊಡೆದು ಗಲಾಟೆ ಎಬ್ಬಿಸುವುದು ಯೋಜನೆ. ಅದೇ ರೇಸಿಗೆ ಚಿತ್ರ ಮತ್ತೆ ಮತ್ತೆ ಹಿಂತಿರುಗುತ್ತದೆ, ಪ್ರತಿ ಸಲ ಇನ್ನೊಬ್ಬನ ಜಾಡು ಹಿಡಿದು. ಟೋಟ್ ಎಂದರೆ ಸಾವಿರಾರು ಜನರ ಪುಡಿಗಾಸು ಒಂದು ಬಾಗಿಲ ಹಿಂದೆ ಸೇರುವುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಚಿತ್ರ ನಾನು ನೋಡಿಲ್ಲ. ಕ್ಯಾಷಿಯರ್ ಜಾರ್ಜ್ ಪಾತ್ರದ ಎಲೈಷಾ ಕುಕ್ ಜೂನಿಯರ್ ಮುಖ ನೋಡಬೇಕು. ದಿನವಿಡೀ ಬೇರೆಯವರ ದುಡ್ಡು ಎಣಿಸಿ, ಮನೆಗೆ ಬಂದು ಹೆಂಡತಿಯ ತಿರಸ್ಕಾರ ನುಂಗುವವನು. ಕೊನೆಗೆ ವಿಮಾನ ನಿಲ್ದಾಣದಲ್ಲಿ ನೋಟುಗಳು ಗಾಳಿಗೆ ಹಾರುವಾಗ ಮಾವ, ‘ಬಳೆ ಹಂಗೇ ಹೋಯ್ತು’ ಎಂದಷ್ಟೇ ಅಂದರು. ಅತ್ತೆ ಅಡುಗೆಮನೆಯಲ್ಲಿದ್ದರು. ಕೇಳಿಸಿತೋ ಇಲ್ಲವೋ.

ದಿ ಸ್ಟಿಂಗ್ ನೋಡಿದ ಸಂಜೆ ಖುಷಿಯಾಗಿ ಊಟ ಮಾಡಿದೆವು. ದಿ ಕಿಲ್ಲಿಂಗ್ ನೋಡಿದ ಸಂಜೆ ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನ ಮತ ಎರಡನೆಯದಕ್ಕೆ.

ಟಿಪ್ಸ್, ಅಂದರೆ ಯಾವ ಕುದುರೆ ಗೆಲ್ಲುತ್ತದೆ ಎಂಬ ಸುಳಿವು, ಕೊಡುವವರ ಬಗ್ಗೆ ಒಂದು ಚಿತ್ರ ಇದೆ, 1937ರ ‘ಎ ಡೇ ಅಟ್ ದಿ ರೇಸಸ್’. ಹಾಸ್ಯನಟರಾದ ಮಾರ್ಕ್ಸ್ ಸಹೋದರರದು. ಹಾಡು, ಕುಣಿತ ನಡುವೆ ತುಂಬಾ ಇದೆ, ಅಲ್ಲೆಲ್ಲ ಓಡಿಸಿಕೊಂಡು ನೋಡಿದೆವು. ಆದರೆ ಐಸ್‌ಕ್ರೀಮ್ ಗಾಡಿಯವನು ಟಿಪ್ಸ್ ಮಾರುವ ದೃಶ್ಯ ಒಂದೇ ಸಾಕು. ಗ್ರೌಚೊ ಸನ್ ಅಪ್ ಎಂಬ ಕುದುರೆಗೆ ಕಟ್ಟಲು ಬಂದಿರುತ್ತಾನೆ. ಗಾಡಿಯ ಚಿಕೊ ಅವನಿಗೆ ಒಂದು ಟಿಪ್ ಮಾರುತ್ತಾನೆ. ಅದು ಸಂಕೇತದಲ್ಲಿದೆ, ಓದಲು ಒಂದು ಪುಸ್ತಕ ಬೇಕು, ಆ ಪುಸ್ತಕ ಓದಲು ಇನ್ನೊಂದು. ಗ್ರೌಚೊ ಕೈತುಂಬ ಪುಸ್ತಕ ಹಿಡಿದು ನಿಂತಿರುವಾಗ, ಅವನಿಂದ ಪಡೆದ ದುಡ್ಡನ್ನು ಚಿಕೊ ಸನ್ ಅಪ್ ಮೇಲೆ ಕಟ್ಟಿ ಗೆಲ್ಲುತ್ತಾನೆ. ಮಾವನನ್ನು ಮುಳುಗಿಸಿದ್ದು ಕುದುರೆಗಳಿಗಿಂತ ಹೆಚ್ಚಾಗಿ ಇಂಥ ಒಬ್ಬ ಮನುಷ್ಯ. ಲಾಯದ ಒಳಗಿನ ಸುದ್ದಿ ಎಂದು ವಾರಕ್ಕೊಂದು ಚೀಟಿ ಕೊಟ್ಟು ವರ್ಷಗಟ್ಟಲೆ ದುಡ್ಡು ಕಿತ್ತ. ಮನೆಯವರೆಲ್ಲ ನಗುತ್ತಿದ್ದಾಗ ಮಾವ ನಗಲಿಲ್ಲ. ಆ ದೃಶ್ಯ ಎಷ್ಟು ಖಚಿತ ಎನ್ನುವುದು ನನಗೆ ಆಗ ತಿಳಿಯಿತು.

ಕೊನೆಯ ಭಾನುವಾರ 1989ರ ‘ಲೆಟ್ ಇಟ್ ರೈಡ್’. ಹೆಸರು ಹೆಚ್ಚು ಜನ ಕೇಳಿಲ್ಲ. ರಿಚರ್ಡ್ ಡ್ರೈಫಸ್ ಟ್ಯಾಕ್ಸಿ ಡ್ರೈವರ್ ಟ್ರಾಟರ್. ಇನ್ನು ಜೂಜು ಆಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿರುತ್ತಾನೆ. ಮರುದಿನವೇ ಒಂದು ಟಿಪ್ ಸಿಗುತ್ತದೆ, ಹೋಗುತ್ತಾನೆ, ಗೆಲ್ಲುತ್ತಾನೆ. ಆಮೇಲೆ ಗೆಲ್ಲುತ್ತಲೇ ಹೋಗುತ್ತಾನೆ. ಚಿತ್ರೀಕರಣ ಫ್ಲೋರಿಡಾದ ಹಯಾಲಿಯಾ ಪಾರ್ಕ್‌ನಲ್ಲಿ. ಕಥೆಯೆಂದು ನೋಡಿದರೆ ಏನೂ ಇಲ್ಲ. ಆದರೆ ರೇಸ್ ಕೋರ್ಸಿನ ಮನುಷ್ಯರನ್ನು ಇಷ್ಟು ಹತ್ತಿರದಿಂದ ನೋಡಿದ ಕ್ಯಾಮೆರಾ ಬೇರೆ ಇಲ್ಲ: ಕಿಟಕಿಯಲ್ಲಿ ಟಿಕೆಟ್ ಕೊಡುವವನ ಕಣ್ಣು, ಸಾಲ ಕೇಳುವ ಗೆಳೆಯರು, ರೇಸ್ ಬುಕ್ಕಿನ ಮೇಲೆ ಗೀಚಿದ ಪೆನ್ಸಿಲ್. ಒಂದು ರೇಸಿಗೆ ಮುನ್ನ ಅವನು ಸುತ್ತಲಿನವರನ್ನೆಲ್ಲ ನಿಮ್ಮ ಕುದುರೆ ಯಾವುದು ಎಂದು ಕೇಳಿ, ಅವರು ಹೇಳಿದ್ದನ್ನೆಲ್ಲ ಹೊಡೆದುಹಾಕಿ, ಯಾರೂ ಹೇಳದೆ ಉಳಿದ ಕುದುರೆಗೆ ಕಟ್ಟುತ್ತಾನೆ. ರೇಸ್ ಕೌಶಲದ ಆಟ ಎಂದು 1996ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮಾವ ಎಷ್ಟೋ ಸಲ ಅತ್ತೆಯ ಮುಂದೆ ಎತ್ತಿದ್ದಿದೆ. ಈ ದೃಶ್ಯದಲ್ಲಿ ಮಾತ್ರ, ‘ನಾನೂ ಇದನ್ನು ಮಾಡಿದ್ದೆ’ ಎಂದು ಮೆಲ್ಲಗೆ ಒಪ್ಪಿಕೊಂಡರು.

ಕಡೆಯ ರೇಸ್ ಫೋಟೊ ಫಿನಿಶ್, ಯಾರು ಮುಂದೆ ಎಂದು ಫೋಟೊ ನೋಡಿಯೇ ಹೇಳಬೇಕು. ಟ್ರಾಟರ್ ಎಲ್ಲವನ್ನೂ ಕಟ್ಟಿರುತ್ತಾನೆ, ಫಲಿತಾಂಶ ಬಂದಿರುವುದಿಲ್ಲ. ಮಾವನ ಬೆರಳುಗಳು ಪಂಚೆಯ ಅಂಚನ್ನು ಉಜ್ಜುತ್ತಿದ್ದವು. ಇದ್ದಕ್ಕಿದ್ದಂತೆ ಎದ್ದು ಜಗಲಿಗೆ ಹೋಗಿ ಮಳೆ ನೋಡುತ್ತ ನಿಂತರು. ನಾನು ಸದ್ದು ಕಡಿಮೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದರು, ‘ಬಂತಾ?’

ಬಂತು ಎಂದೆ.

ನನ್ನ ಪಟ್ಟಿಯಲ್ಲಿ ಲೆಟ್ ಇಟ್ ರೈಡ್ ಮೊದಲು, ದಿ ಕಿಲ್ಲಿಂಗ್ ಎರಡು, ಸೀಬಿಸ್ಕಿಟ್ ಮೂರು. ಮಾವ ಇದನ್ನು ಒಪ್ಪುವುದಿಲ್ಲ. ಅವರಿಗೆ ಸೀಬಿಸ್ಕಿಟ್ ಮೊದಲು. ಲೆಟ್ ಇಟ್ ರೈಡ್ ಸುಳ್ಳು ಹೇಳುತ್ತದೆ, ಅಷ್ಟು ಸಲ ಗೆದ್ದವನು ಯಾರೂ ಇಲ್ಲ, ಹುಡುಗರಿಗೆ ತೋರಿಸಬೇಡ ಎನ್ನುತ್ತಾರೆ. ಗೆಲುವಿನ ವಿಷಯದಲ್ಲಿ ಅವರ ಮಾತು ಸರಿ. ಜಗಲಿಯಲ್ಲಿ ನಿಂತಿದ್ದ ಅವರ ಬೆನ್ನನ್ನು ನೋಡಿದವನು ನಾನು, ಹಾಗಾಗಿ ನನ್ನ ಪಟ್ಟಿಯನ್ನು ಬದಲಿಸಿಲ್ಲ.