ಪುಟ್ಟ ಮನೆಯ ಜಗಲಿಗೆ ಹಂಚೋ, ಶೀಟೋ, ಸ್ಲ್ಯಾಬೋ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಹಂಚಿನ ಜಗಲಿ. ಉಳಿದವು ಯಾಕೆ ಹಿಡಿಸಲಿಲ್ಲ ಅನ್ನೋದನ್ನೂ ಬರೆಯುತ್ತೇನೆ, ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಅಂತ ನೀವೇ ನೋಡಿಕೊಳ್ಳಬಹುದು.

ಅಂಕೋಲಾ ಹತ್ತಿರ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ ಇರುವ ಮನೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಪಶ್ಚಿಮಕ್ಕೆ ಬಾಗಿಲು. ಬಾಗಿಲು ತೆಗೆದರೆ ನೇರ ಅಂಗಳ. ಮಳೆಗಾಲದಲ್ಲಿ ಬಂದವರಿಗೆ ಕೊಡೆ ಮಡಚಲಿಕ್ಕೂ ಜಾಗ ಇರಲಿಲ್ಲ. ಹಾಗಾಗಿ ಮೊದಲು ಶೀಟಿನ ಜಗಲಿ ಹಾಕಿಸಿದೆವು. ಆಗ ಕೈಯಲ್ಲಿದ್ದ ದುಡ್ಡಿಗೆ ಆಗುತ್ತಿದ್ದದ್ದು ಅದೇ. ಕೆಲವು ಮಳೆಗಾಲ ಅದರ ಕೆಳಗೆ ಕಳೆದು, ಆಮೇಲೆ ಕಿತ್ತು ಹಂಚಿನದು ಮಾಡಿಸಿದೆವು. ಸ್ಲ್ಯಾಬಿನ ಜಗಲಿ ಕುಮಟಾದ ನನ್ನ ತವರಿನಲ್ಲಿದೆ. ಪಾಲಿಕಾರ್ಬೊನೇಟ್, ಅಂದರೆ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು, ಶಿರಸಿಯ ಅಕ್ಕನ ಮನೆಯಲ್ಲಿದೆ. ಎಲ್ಲದರ ಕೆಳಗೂ ಜೋರು ಮಳೆಯಲ್ಲಿ ಕೂತು ನೋಡಿದ್ದೇನೆ.

ಮಳೆ ಯಾಕೆ ಅಂದರೆ, ನಮ್ಮ ಕಡೆ ಜಗಲಿಯ ಪರೀಕ್ಷೆ ನಡೆಯೋದೇ ಆಗ. ಕಾರವಾರದ ಕಡೆ ವರ್ಷಕ್ಕೆ 3,000 ಮಿ.ಮೀ. ಮಳೆ ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ. ನಾನು ನೋಡೋದು ಎರಡೇ. ಹೊಸಿಲು ಒಣಗಿರುತ್ತದೋ? ಬಂದವರು ಕೂತು ಮಾತಾಡಿದರೆ ಕೇಳಿಸುತ್ತದೋ? ಇವೆರಡೂ ಇಲ್ಲದಿದ್ದರೆ ಜಗಲಿ ಇದ್ದರೂ ಬಂದವರು ಒಳಗೇ ಬರಬೇಕಾಗುತ್ತದೆ. ಪುಟ್ಟ ಮನೆಯಲ್ಲಿ ಒಳಗೆ ಜಾಗ ಎಲ್ಲಿದೆ?

ಶೀಟು ಈ ಎರಡರಲ್ಲೂ ಸೋತಿತು. ಜೋರು ಮಳೆ ಹೊಯ್ಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಫೋನು ಬಂದರೆ ಅಡುಗೆಮನೆಗೆ ಓಡಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗಲಂತೂ ಶೀಟು ಬಡಿದುಕೊಳ್ಳುವ ಶಬ್ದಕ್ಕೆ ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಕೆಳಗೆ ಕೂರುವುದೇ ಬೇಡ, ಅಷ್ಟು ಸೆಕೆ.

ತುಕ್ಕಿನ ಕಥೆ ಬೇರೆ. ಶೀಟು ಹೊತ್ತ ಜಿಐ ಪೈಪಿಗೆ ತುಕ್ಕು ಹಿಡಿಯೋದಿಲ್ಲ ಅಂತ ಫ್ಯಾಬ್ರಿಕೇಶನ್‌ನವರು ಹೇಳಿದ್ದರು. ಪೈಪಿನ ಮೈಗೆ ಸತುವಿನ ಲೇಪ ಇರೋದು ನಿಜ. ಆದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಆ ಲೇಪ ಸುಟ್ಟುಹೋಗುತ್ತದೆ. ಅಲ್ಲಿ ಉಜ್ಜಿ, ಮತ್ತೆ ಸತುವಿನ ಪೇಂಟ್ ಹೊಡೆಯಬೇಕು. ಅವರು ಸುಮ್ನೆ ಬೆಳ್ಳಿ ಬಣ್ಣ ಬಳಿದು ಹೋದರು. ಉಪ್ಪುಗಾಳಿಗೆ ಜೋಡಣೆಯ ಜಾಗದಿಂದಲೇ ಕೆಂಪು ನೀರು ಇಳಿಯಲು ಶುರುವಾಯಿತು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತು, ಅಲ್ಲೂ ತೊಟ್ಟಿಕ್ಕತೊಡಗಿತು. ಶೀಟು ಹಾಕಿಸುವವರು ಈ ಎರಡು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಪಾಲಿಕಾರ್ಬೊನೇಟ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೆಳಕು ಚೆನ್ನಾಗಿ ಬರುತ್ತದೆ. ಶಿರಸಿಯ ಮಳೆಗೆ ಪಾಚಿ ಕಟ್ಟಿತು, ಬಿಸಿಲಿಗೆ ಹಳದಿಯಾಯಿತು.

ಸ್ಲ್ಯಾಬು ಗಟ್ಟಿ, ಶಬ್ದವಿಲ್ಲ, ಮಂಗಗಳ ಭಯವಿಲ್ಲ. ತವರಿನಲ್ಲಿ ಅದರ ಮೇಲೆ ಬೇಸಿಗೆಯಲ್ಲಿ ಅಡಿಕೆಯನ್ನೂ ಒಣಗಿಸುತ್ತಾರೆ. ಆದರೆ ಹಳೇ ಚಿರೇಕಲ್ಲಿನ ಗೋಡೆಗೆ ಹೊಸ ಸ್ಲ್ಯಾಬು ತಾಗಿಸಿದರೆ ಎರಡೂ ಒಂದೇ ಥರ ಕೂರುವುದಿಲ್ಲ. ಹೊಸ ಕಂಬದ ಅಡಿಪಾಯ ಸ್ವಲ್ಪ ಇಳಿದರೂ ಗೋಡೆಗೆ ತಾಗಿದಲ್ಲಿ ಬಿರುಕು ಬಿಡುತ್ತದೆ, ಮಳೆನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಖರ್ಚೂ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಈಗ ಹಂಚಿನ ಮಾತು. ಇದರಲ್ಲಿ ನಿಜವಾದ ತೊಡಕು ಒಂದಿದೆ. ಅದಕ್ಕೇ ಎಷ್ಟೋ ಜನ ಶೀಟಿನ ಕಡೆ ಹೋಗುತ್ತಾರೆ. ಅದು ಎತ್ತರದ ತೊಡಕು.

ಹಂಚಿನ ಮಾಡಿಗೆ ಇಳಿಜಾರು ಚೆನ್ನಾಗಿ ಬೇಕು, ಎರಡು ಅಡಿಗೆ ಒಂದು ಅಡಿ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಯಾದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಏರುತ್ತದೆ. ನಮ್ಮ ಮನೆಯ ಸೂರು ಒಳಗಿನ ನೆಲದ ಮಟ್ಟದಿಂದ ಏಳೂವರೆ ಅಡಿ ಎತ್ತರದಲ್ಲಿದೆ. ಜಗಲಿ ಆರು ಅಡಿ ಅಗಲ ಬೇಕು, ಅದಕ್ಕಿಂತ ಕಡಿಮೆಯಾದರೆ ಕೂತವರ ಕಾಲು ದಾಟಿಕೊಂಡು ಓಡಾಡಬೇಕಾಗುತ್ತದೆ. ಆರು ಅಡಿಗೆ ಮೂರು ಅಡಿ ಇಳಿದರೆ ಹೊರಗಿನ ಅಂಚಿನಲ್ಲಿ ಉಳಿಯೋದು ನಾಲ್ಕೂವರೆ ಅಡಿ. ಮಕ್ಕಳೂ ಬಗ್ಗಬೇಕು! ಶೀಟಿಗಾದರೆ ಹತ್ತು ಅಡಿಗೆ ಒಂದು ಅಡಿ ಇಳಿಜಾರು ಸಾಕು. ಹೊರಗಿನ ಅಂಚು ಏಳಡಿಯ ಹತ್ತಿರ ನಿಲ್ಲುತ್ತದೆ, ತಲೆ ಎತ್ತಿಕೊಂಡು ಬರಬಹುದು. ಪುಟ್ಟ ಮನೆಯವರಿಗೆಲ್ಲ ಶೀಟೇ ಸರಿ ಅನ್ನಿಸೋದು ಇಲ್ಲಿಯೇ.

ದಾರಿ ತೋರಿಸಿದವರು ನಮ್ಮ ಆಚಾರಿಯವರು. ಅವರು ಅಳತೆ ತೆಗೆದು, ಅಂಗಳದಲ್ಲಿ ನಿಂತು ನೋಡಿ, "ಹತ್ತೂದು ಮುಂದಿಂದ ಬೇಡ ತಂಗಿ, ಬದಿಯಿಂದ ಮಾಡುವಾ" ಅಂದರು. ಮನೆಯ ಪಂಚಾಂಗ, ಅಂದರೆ ಅಂಗಳದಿಂದ ಮನೆಯ ನೆಲದವರೆಗೆ ಎತ್ತರಿಸಿ ಕಟ್ಟಿದ ಭಾಗ, ಎರಡು ಅಡಿ ಎತ್ತರವಿತ್ತು. ಜಗಲಿಯ ನೆಲವನ್ನು ಒಳಗಿನ ನೆಲಕ್ಕಿಂತ ಒಂದು ಅಡಿ ತಗ್ಗಿಸಿದರು. ಈಗ ಗೋಡೆಯ ಹತ್ತಿರ ಎಂಟೂವರೆ ಅಡಿ, ಹೊರಗಿನ ಅಂಚಿನಲ್ಲಿ ಐದೂವರೆ. ಮೆಟ್ಟಿಲನ್ನು ದಕ್ಷಿಣದ ಬದಿಗೆ, ಗೋಡೆಯ ಪಕ್ಕಕ್ಕೆ ಇಟ್ಟರು. ಬರುವವರು ಎತ್ತರದ ಕಡೆಯಿಂದ ನೆಟ್ಟಗೆ ಬರುತ್ತಾರೆ. ತಗ್ಗಿನ ಅಂಚಿನ ಉದ್ದಕ್ಕೂ ಚಿರೇಕಲ್ಲಿನ ಕಟ್ಟೆ ಕಟ್ಟಿಸಿದೆವು. ಅಲ್ಲಿ ಕೂರುತ್ತಾರೆಯೇ ಹೊರತು ನಿಲ್ಲುವವರಿಲ್ಲ, ಐದೂವರೆ ಅಡಿ ಧಾರಾಳ ಸಾಕು. ಕುರ್ಚಿ ಹಾಕುವ ಗೋಜೂ ತಪ್ಪಿತು.

ಇದರಿಂದ ಆದ ದೊಡ್ಡ ಲಾಭ ಎರಚಲು ನಿಂತದ್ದು. ಶೀಟಿನ ಅಂಚು ಎತ್ತರದಲ್ಲಿದ್ದಾಗ ಪಶ್ಚಿಮದ ಮಳೆ ಓರೆಯಾಗಿ ಬಂದು ಹೊಸಿಲನ್ನೇ ತೋಯಿಸುತ್ತಿತ್ತು. ಪ್ರತಿ ವರ್ಷ ಟಾರ್ಪಾಲು ಕಟ್ಟುತ್ತಿದ್ದೆವು, ಒಳಗೆ ಕತ್ತಲೆ. ಈಗ ಮಾಡು ಅಷ್ಟು ಕೆಳಗೆ ಬಂದಿರುವುದರಿಂದ ಕಟ್ಟೆಯ ಹೊರಮೈ ಮಾತ್ರ ಒದ್ದೆಯಾಗುತ್ತದೆ. ನಮ್ಮ ಕಡೆಯ ಹಳೇ ಮನೆಗಳ ಸೂರು ಅಷ್ಟು ತಗ್ಗಿಗೆ ಯಾಕೆ ಇರುತ್ತದೆ ಅನ್ನೋದು ನನಗೆ ಇಲ್ಲಿ ಕೂತ ಮೇಲೆ ಚೆನ್ನಾಗಿ ತಿಳಿಯಿತು. ಮುಂದಿನ ಕೋಣೆಗೆ ಬೆಳಕು ಕಡಿಮೆಯಾಗುತ್ತದೆ ಅಂತ ಕಿಟಕಿಯ ನೇರಕ್ಕೆ ಎರಡು ಗಾಜಿನ ಹಂಚು ಹಾಕಿಸಿದೆವು.

ಹಂಚು ಕೊಳ್ಳುವಾಗ ಒಂದು ಎಚ್ಚರ. ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು ಬೇಕು. ಹಳೇ ಮನೆ ಕಿತ್ತಲ್ಲಿ ಕಡಿಮೆಗೆ ಸಿಗುತ್ತವೆ, ನಾವೂ ಹಾಗೇ ತಂದದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆ ಬಂದವು, ಅಳತೆ ಒಂದೊಂದರದ್ದು ಒಂದೊಂದು ಥರ. ಹಿಂಬದಿಯ ಅಚ್ಚು ನೋಡಿ ಒಂದೇ ಕಾರ್ಖಾನೆಯದನ್ನು ಆರಿಸಿ. ಬೆರಕೆಯಾದರೆ ಒಂದರ ಗಾಡಿಗೆ (ಅಂಚಿನ ಕೊರೆತಕ್ಕೆ) ಇನ್ನೊಂದು ಕೂಡುವುದಿಲ್ಲ, ಸೋರುತ್ತದೆ. ಒಡೆಯೋದಕ್ಕೆ ಅಂತ ಒಂದಿಷ್ಟು ಜಾಸ್ತಿ ತಂದಿಡಿ, ಮಂಗ ಬಂದೇ ಬರುತ್ತದೆ. ಕೊನೆಯ ಸಾಲಿನ ಹಂಚನ್ನು ತಂತಿಯಿಂದ ರೀಪಿಗೆ ಕಟ್ಟಿಸಿ, ಗಾಳಿ ಅಲ್ಲಿಂದಲೇ ಎತ್ತುತ್ತದೆ.

ಭಾರದ ಲೆಕ್ಕವೂ ಇದೆ. ಒಂದು ಹಂಚು ಎರಡರಿಂದ ಮೂರು ಕಿಲೋ, ನೆನೆದರೆ ಇನ್ನೂ ಜಾಸ್ತಿ. ಪಕಾಸಿಗೆ (ಮಾಡಿನ ಭಾರ ಹೊರುವ ಇಳಿಜಾರು ತೊಲೆಗೆ) ಹಳೇ ಮತ್ತಿ ಮರ ಸಿಕ್ಕಿತು, ಒರಲೆ ಹಿಡಿಯದಂತೆ ಗೇರೆಣ್ಣೆ ಬಳಿದೆವು. ಕಂಬದ ಬುಡವನ್ನು ಕಲ್ಲಿನ ಮೇಲೆ ನಿಲ್ಲಿಸಿದೆವು, ನೆಲದೊಳಗೆ ಹೂಳಿಲ್ಲ. ನೆಲಕ್ಕೆ ರೆಡ್ ಆಕ್ಸೈಡ್. ಹೊಳೆಯುವ ಟೈಲ್ಸ್ ಒದ್ದೆ ಕಾಲಿಗೆ ಜಾರುತ್ತದೆ, ಅತ್ತೆಯವರಿಗೆ ಮಂಡಿ ನೋವು ಬೇರೆ.

ಖರ್ಚು ಶೀಟಿನ ಜಗಲಿಯ ಹತ್ತಿರ ಹತ್ತಿರ ಒಂದೂವರೆ ಪಟ್ಟಾಯಿತು, ಹಳೇ ಹಂಚು, ಹಳೇ ಮರ ತಂದರೂ. ವರ್ಷಕ್ಕೊಮ್ಮೆ ಮಾಡು ಹತ್ತಿ ಕಸ ತೆಗೆದು, ಒಡೆದ ಹಂಚು ಬದಲಿಸುವ ಕೆಲಸವೂ ಇದೆ. ಅದು ಆಗುವುದಿಲ್ಲ ಅನ್ನುವವರಿಗೆ, ಇನ್ನೆರಡು ವರ್ಷದಲ್ಲಿ ಮನೆ ಬಿಡುವವರಿಗೆ ಶೀಟೇ ಸರಿ. ಪಂಚಾಂಗ ಒಂದೇ ಅಡಿ ಇದ್ದು ನೆಲ ತಗ್ಗಿಸಲು ಆಗದವರೂ ಹಂಚಿನ ಹಟ ಹಿಡಿಯಬೇಡಿ, ಅಂಗಳದ ನೀರು ಒಳಗೆ ಬರುತ್ತದೆ. ನಮ್ಮ ಹಾಗೆ ಇದೇ ಮನೆಯಲ್ಲಿ ಇರುವವರು, ದಿನಾ ಯಾರಾದರೂ ಬಂದು ಕೂರುವ ಮನೆಯವರು ಹಂಚು ಹಾಕಿಸಿ. ಆಚಾರಿಗಳಿಗೆ ಫೆಬ್ರವರಿಯಲ್ಲೇ ಹೇಳಿಡಿ, ಮೇ ಬಂದರೆ ಯಾರೂ ಕೈಗೆ ಸಿಗುವುದಿಲ್ಲ.