ನಗರ್ತಪೇಟೆಯಲ್ಲಿ ಒಂಟಿ ಬುಗುಡಿಗೆ ಜೊತೆ ಸಿಕ್ಕಿತು

ಅಜ್ಜಿ ಕಿವಿಯ ಮೇಲ್ಭಾಗಕ್ಕೆ ಹಾಕುತ್ತಿದ್ದ ಬುಗುಡಿ ಜೋಡಿಯಲ್ಲಿ ಒಂದು ಕಳೆದುಹೋಗಿ ಆರು ವರ್ಷ ಆಗಿತ್ತು. ಯಾರದೋ ಮದುವೆ, ಛತ್ರದ ಊಟದ ಹಾಲ್‌ನಲ್ಲಿ ತಿರುಪು ಸಡಿಲವಾಗಿ ಎಲ್ಲೋ ಬಿದ್ದುಹೋಯಿತು. ಎಲೆ ಎತ್ತುವವರನ್ನೆಲ್ಲ ಕೇಳಿದೆವು, ಸಿಗಲಿಲ್ಲ. ಉಳಿದ ಒಂದನ್ನು ಅಮ್ಮ ಹಳೆ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡು, ಹಬ್ಬ ಬಂದಾಗ ತೆಗೆದು ನೋಡಿ, ಮತ್ತೆ ಒಳಗಿಡುತ್ತಿದ್ದರು. ಈ ವರ್ಷ ಅದಕ್ಕೆ ಜೊತೆ ಮಾಡಿಸಲೇಬೇಕು ಅಂತ ಹೊರಟೆವು.

ಮೊದಲು ಹೋಗಿದ್ದು ಜಯನಗರದ ಒಂದು ದೊಡ್ಡ ಶೋರೂಮಿಗೆ. ಎಸಿ, ಸೋಫಾ, ಬಾದಾಮಿ ಹಾಲು ಎಲ್ಲ ಸಿಕ್ಕಿತು. ಬುಗುಡಿ ಮಾತ್ರ ಯಾರೂ ಕೈಗೆತ್ತಿಕೊಂಡು ಸರಿಯಾಗಿ ನೋಡಲಿಲ್ಲ. ‘ಒಂದೇ ಪೀಸ್ ಆರ್ಡರ್ ತಗೊಳ್ಳಲ್ಲ ಮೇಡಂ, ಇದನ್ನ ಎಕ್ಸ್‌ಚೇಂಜ್‌ಗೆ ಹಾಕಿ, ಹೊಸ ಜೋಡಿ ತಗೊಳ್ಳಿ, ಮೇಕಿಂಗ್ 18 ಪರ್ಸೆಂಟ್’ ಅಂದರು. ಅಮ್ಮ ಬುಗುಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದೇಬಿಟ್ಟರು.

ಆಮೇಲೆ ಚಿಕ್ಕಮ್ಮ ಹೇಳಿದ್ದು ಈ ಅಂಗಡಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು, ಅವೆನ್ಯೂ ರಸ್ತೆ ದಾಟಿ, ನಗರ್ತಪೇಟೆ ಒಳಗೆ ನಡೆಯಬೇಕು. ಕಾರಿನಲ್ಲಿ ಹೋಗುವ ಸಾಹಸ ಬೇಡವೇ ಬೇಡ. ಧರ್ಮರಾಯಸ್ವಾಮಿ ದೇವಸ್ಥಾನಕ್ಕೆ ಹತ್ತಿರದ ಒಂದು ಓಣಿ, ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು, ಮೊದಲನೇ ಮಹಡಿಯಲ್ಲಿ ಎರಡು ಕೋಣೆ. ಅಂಗಡಿ ಹೆಸರು ಯಾಕೆ ಬರೆದಿಲ್ಲ ಅಂದರೆ ಅವರೇ ಬೇಡ ಅಂದರು. ‘ಇರೋ ಕೆಲಸವೇ ಮುಗೀತಿಲ್ಲಮ್ಮ, ಇನ್ನೂ ಜನ ಬಂದ್ರೆ ಎಲ್ಲಿ ಕೂರಿಸೋದು?’ ಅದೂ ನಿಜವೇ. ನಾವು ಹೋದಾಗ ಕೂರಲು ಇದ್ದದ್ದು ಒಂದು ಸ್ಟೂಲ್ ಮತ್ತು ಒಂದು ಅಕ್ಕಿ ಡ್ರಮ್ಮು.

ಮನೆಯವರೇ ನಾಲ್ಕು ಜನ. ಹಿರಿಯ ಆಚಾರ್ರು, ಅವರ ಮಗ, ಕಲ್ಲು ಕೂರಿಸುವ ಸೊಸೆ, ಲೆಕ್ಕದ ಪುಸ್ತಕ ಹಿಡಿದು ಕೂತ ಆಚಾರ್ರ ಹೆಂಡತಿ. ಎಲ್ಲರಿಗಿಂತ ಜೋರು ಆಕೆಯೇ.

ಆಚಾರ್ರು ಬುಗುಡಿ ತೆಗೆದುಕೊಂಡು ಮೊದಲು ಕಿವಿ ಹತ್ತಿರ ಅಲ್ಲಾಡಿಸಿದರು. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಐದು ನಿಮಿಷ ಮಾತಿಲ್ಲ. ‘ತಾಯಿ, ಇದರೊಳಗೆ ಅರಗಿದೆ. ತೆಳು ತಗಡು, ಹೊಟ್ಟೆ ತುಂಬ ಅರಗು. ತೂಕಕ್ಕೆ ಹಾಕಿದ್ರೆ ಅರಗೂ ಕಲ್ಲೂ ಎಲ್ಲ ಸೇರಿ ತೂಗುತ್ತೆ, ಕರಗಿಸಿದ್ರೆ ಕೈಗೆ ಸಿಗೋದು ಬೇರೇನೇ. ಇದನ್ನ ಮುಟ್ಟಬೇಡಿ, ಹೀಗೇ ಇರಲಿ.’ ಕರಗಿಸಬೇಡಿ ಅಂತ ಹೇಳುವ ಚಿನ್ನದ ಅಂಗಡಿಯವರನ್ನು ನಾನು ನೋಡಿದ್ದು ಅದೇ ಮೊದಲು.

ಹೊಸ ಬುಗುಡಿಗೆ ಅಮ್ಮನ ತುಂಡಾದ ಸರ ಕೊಟ್ಟೆವು. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅನ್ನುವ ಗಾದೆ ಅಮ್ಮನ ತಲೆಯಲ್ಲಿ ಓಡುತ್ತಿತ್ತು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಚಾರ್ರಿಗೂ ಗೊತ್ತಾಯಿತು. ‘ಗಾದೆ ನಮಗೂ ಗೊತ್ತು ತಾಯಿ, ಅದಕ್ಕೇ ಎದುರಿಗೆ ಕೂರಿಸ್ಕೊಂಡು ಕರಗಿಸೋದು’ ಅಂತ ನಕ್ಕರು. ಸರ ತೂಗಿದಾಗ 4.850 ಗ್ರಾಂ. ಮೂಸೆಯಲ್ಲಿ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ, ಗ್ಯಾಸ್ ಉರಿ ಹಿಡಿದರು. ಕರಗಿ ಗುಂಡಗಾದ ಮೇಲೆ 4.790. ಮಗ ನನ್ನನ್ನೂ ಕರೆದುಕೊಂಡು ಪಕ್ಕದ ಓಣಿಯಲ್ಲಿರುವ ಟೆಸ್ಟಿಂಗ್ ಅಂಗಡಿಗೆ ಹೋದರು, ಮಷಿನ್‌ನಲ್ಲಿ ಶುದ್ಧತೆ ಶೇ. 88.5 ಬಂತು. ಹಳೆ ಸರ, ಕೊಂಡಿ ಕೊಂಡಿಗೂ ಬೆಸುಗೆ, ಹಾಗಾಗಿ ಕಡಿಮೆಯೇ ಬರುತ್ತದೆ ಅಂದರು. 22 ಕ್ಯಾರಟ್ ಅಂದರೆ 91.6 ಇರಬೇಕು, ಆ ಲೆಕ್ಕಕ್ಕೆ ನಮ್ಮದು 4.628 ಗ್ರಾಂ ಅಂತ ಆಕೆ ಪುಸ್ತಕದಲ್ಲಿ ಬರೆದು, ಅದೇ ಪುಟದ ಫೋಟೊ ತೆಗೆದುಕೊಳ್ಳಿ ಅಂದರು. ನಾನು ಮೊಬೈಲ್‌ನಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಅವರ ಲೆಕ್ಕ ಬಾಯಲ್ಲೇ ಮುಗಿದಿತ್ತು.

ನನಗೆ ತುಂಬಾ ಇಷ್ಟವಾಗಿದ್ದು ಬಣ್ಣದ ವಿಷಯ. ಹಳೆ ಬುಗುಡಿ ಸ್ವಲ್ಪ ಕೆಂಪಗಿದೆ, ಈಗಿನ ಚಿನ್ನ ಹಳದಿ. ಜೋಡಿ ಹಾಕಿಕೊಂಡರೆ ಎದ್ದು ಕಾಣುತ್ತದೆ ಅಲ್ವಾ ಅಂತ ಕೇಳಿದೆ. ಚಿನ್ನ 91.6 ಅಷ್ಟೇ ಇಟ್ಟು, ಉಳಿದ ಭಾಗದಲ್ಲಿ ಬೆಳ್ಳಿ ಕಡಿಮೆ ಮಾಡಿ ತಾಮ್ರ ಜಾಸ್ತಿ ಮಾಡಿದರೆ ಕೆಂಪು ಬರುತ್ತದಂತೆ. ಇಷ್ಟು ವರ್ಷ ಅದು ಹಳೆಯದಾಗಿದ್ದಕ್ಕೆ ಬಂದ ಬಣ್ಣ ಅಂದುಕೊಂಡಿದ್ದೆ!

ಈಗ ಬೈಗುಳ. ನಾವು ಕೊಟ್ಟಿದ್ದು ಯುಗಾದಿ ಆದ ನಾಲ್ಕನೇ ದಿನ, ಹತ್ತು ದಿನದಲ್ಲಿ ಕೊಡ್ತೀವಿ ಅಂದರು. ಲೆಕ್ಕ ಹಾಕಿ ನೋಡಿ. ಚೈತ್ರ ಹುಣ್ಣಿಮೆಗೆ ಕರಗ, ಹೊರಡುವುದು ಅದೇ ಧರ್ಮರಾಯಸ್ವಾಮಿ ದೇವಸ್ಥಾನದಿಂದ. ಆ ದಿನಗಳಲ್ಲಿ ಆ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೆಲಸವಂತೂ ದೂರದ ಮಾತು. ನನಗೆ ಹೊಳೆಯಲಿಲ್ಲ ಸರಿ, ಅಲ್ಲೇ ಹುಟ್ಟಿ ಬೆಳೆದವರಿಗೆ ಹೊಳೆಯಬಾರದಾ? ಕರಗ ಮುಗಿದ ಮೇಲೂ ‘ನಾಳೆ ಬನ್ನಿ’ ಶುರುವಾಯಿತು. ವಾಟ್ಸಾಪ್ ಮೆಸೇಜ್‌ಗೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಒಂದು ಸಲ ಹೋದರೆ ಅಂಗಡಿಗೆ ಬೀಗ, ಮನೆಯವರೆಲ್ಲ ನಂಜನಗೂಡಿಗೆ ಹೋಗಿದ್ದರು. ಒಂದು ಫೋನ್ ಮಾಡಿದ್ದರೆ ನಾನು ಅರ್ಧ ದಿನ ರಜೆ ಹಾಕುವುದು ತಪ್ಪುತ್ತಿತ್ತು. ಹತ್ತು ದಿನದ ಕೆಲಸ ಐದು ವಾರ ಹಿಡಿಯಿತು. ಮುಹೂರ್ತಕ್ಕೆ ಬೇಕಾದ ಒಡವೆ ಆದರೆ ಇಲ್ಲಿಗೆ ಕೊಡಲೇಬೇಡಿ, ಕೊಟ್ಟರೂ ಎರಡು ತಿಂಗಳು ಮೊದಲೇ ಕೊಡಿ.

ಆದರೆ ಬುಗುಡಿ ಕೈಗೆ ಬಂದಾಗ ಬೈಯಲು ಬಾಯಿ ಬರಲಿಲ್ಲ. ಸೊಸೆ ಎರಡನ್ನೂ ಒಂದು ಕೆಂಪು ಬಟ್ಟೆ ಮೇಲೆ ಇಟ್ಟು ‘ಯಾವುದು ನಿಮ್ಮದು, ಹೇಳಿ’ ಅಂದರು. ನಾನು ತಪ್ಪು ಹೇಳಿದೆ. ಅಮ್ಮ ಸರಿ ಹೇಳಿದರು, ಅಜ್ಜಿಯದರಲ್ಲಿ ಒಂದು ಕಡೆ ಸಣ್ಣ ತಗ್ಗಿದೆ. ಹೊಸದಕ್ಕೆ ಅರಗು ಹಾಕಿಲ್ಲ, ಬದಲಿಗೆ ತಗಡು ಸ್ವಲ್ಪ ದಪ್ಪ. ಒಂದೇ ಒಂದು ತಕರಾರು ಅಂದರೆ ಕೆಂಪು ಕಲ್ಲು ಬಿಸಿಲಿನಲ್ಲಿ ನೋಡಿದರೆ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ ಹೊಳೆಯುತ್ತದೆ. ತಿರುಪು ಮೊದಲು ತುಂಬ ಬಿಗಿಯಿತ್ತು, ಅಲ್ಲೇ ಕೂತು ಸರಿಮಾಡಿಕೊಟ್ಟರು. ಹಳೆಯದರ ತಿರುಪನ್ನೂ ಕೇಳದೆಯೇ ಬದಲಾಯಿಸಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಲೆಕ್ಕ ಹೀಗೆ. ಕಲ್ಲು ಬಿಟ್ಟು ಚಿನ್ನ 3.420 ಗ್ರಾಂ, ವೇಸ್ಟೇಜ್ ಅಂತ 200 ಮಿಲಿಗ್ರಾಂ ಹಿಡಿದರು, ಉಳಿದ ಒಂದು ಗ್ರಾಂ ಚೂರನ್ನು ಪೊಟ್ಟಣ ಕಟ್ಟಿ ವಾಪಸ್ ಕೊಟ್ಟರು. ಕೂಲಿ 3,500, ಅದರ ಮೇಲೆ ಜಿಎಸ್‌ಟಿ ಶೇ. 5, ಕಲ್ಲಿನ ದುಡ್ಡು ಮತ್ತು ಹಾಲ್‌ಮಾರ್ಕ್ ಖರ್ಚು ಬೇರೆ. ಬಿಲ್ ಕೇಳಿದ ಮೇಲೆ ಕೊಟ್ಟರು, ಕೇಳದೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ವೇಸ್ಟೇಜ್ ವಿಷಯದಲ್ಲಿ ಅಮ್ಮ ಚೌಕಾಸಿ ಮಾಡಲು ಹೋದರು. ಅಜ್ಜಿ, ಅಂದರೆ ಲೆಕ್ಕದ ಪುಸ್ತಕದವರು, ನೆಲ ಗುಡಿಸಿದ ಧೂಳು ತುಂಬಿಟ್ಟ ಒಂದು ಡಬ್ಬ ತೋರಿಸಿ, ‘ಅರ ತಿಕ್ಕಿದ್ದು, ಉದುರಿದ್ದು ಎಲ್ಲ ಇದರಲ್ಲಿದೆ, ಬೇಕಾದ್ರೆ ನಿಮ್ಮ ಪಾಲು ಹುಡುಕ್ಕೊಳ್ಳಿ’ ಅಂದರು. ಅಲ್ಲಿಗೆ ಚೌಕಾಸಿ ಮುಗಿಯಿತು. ಅವರು ಆ ಧೂಳನ್ನೂ ಮಾರುತ್ತಾರೆ ಅನ್ನುವುದು ಬೇರೆ ಮಾತು.

ಇಂಥ ಸಣ್ಣ ಅಂಗಡಿಗೆ ಹೋಗುವವರು ಹಾಲ್‌ಮಾರ್ಕ್ ಮಾತ್ರ ಬಿಡಬೇಡಿ. ‘ನಮ್ಮ ಮನೆಯವರಿದ್ದ ಹಾಗೆ ಅವರು’ ಅಂತ ಬಿಡುವವರೇ ಜಾಸ್ತಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆದ ಒಡವೆ ಮೇಲೆ ಆ ಒಡವೆಗೇ ಮೀಸಲಾದ ಗುರುತು, ಅಂದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. ನಮ್ಮ ಬುಗುಡಿಯ ಕಡ್ಡಿ ಮೇಲೆ ಸಾಸಿವೆಗಿಂತ ಸಣ್ಣಗೆ ಹೊಡೆದಿದ್ದರು, ಅವರ ಭೂತಗನ್ನಡಿಯಲ್ಲೇ ಓದಿ, ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಶುದ್ಧತೆ ಸರಿಯಾಗಿ ಬಂತು. ಆಚಾರ್ರು ಬೇಜಾರು ಮಾಡಿಕೊಳ್ಳಲಿಲ್ಲ, ‘ನೋಡಿ ನೋಡಿ’ ಅಂತ ಅವರೇ ಟಾರ್ಚ್ ಹಿಡಿದರು.

ಆ ಒಂದು ಗ್ರಾಂ ಪೊಟ್ಟಣ ಈಗ ಕುಂಕುಮದ ಭರಣಿಯಲ್ಲಿದೆ. ಅದರಲ್ಲಿ ಮೂಗುಬೊಟ್ಟು ಮಾಡಿಸಬೇಕು ಅಂತ ಅಮ್ಮ ದಿನಾ ಹೇಳುತ್ತಿದ್ದಾರೆ. ಅಲ್ಲಿಗೇ ಕೊಡುತ್ತೇನೆ, ಆದರೆ ಈ ಸಲ ಕ್ಯಾಲೆಂಡರ್ ನೋಡಿಕೊಂಡು.